ದತ್ತಿಯಿಂದ ಯೋಜನೆಗೆ: ಊರಿನ ಸೇವಾಕಾರ್ಯಗಳಿಗೆ ಅನುದಾನ ಬಂದ ಹಾದಿ

ಕರ್ನಾಟಕದಲ್ಲಿ ಊರೊಟ್ಟಿನ ಕೆಲಸಗಳಿಗೆ ಹಣ ಒದಗಿಸುತ್ತಿದ್ದ ಹಳೆಯ ಏರ್ಪಾಟುಗಳ ಸುಳಿವು ಶಾಸನಗಳಲ್ಲಿ ಸಿಗುತ್ತದೆ. ಕೆರೆ ಕಟ್ಟಿಸಿದವರಿಗೆ, ಒಡೆದ ಏರಿಯನ್ನು ದುರಸ್ತಿ ಮಾಡಿಸಿದವರಿಗೆ ಕಂದಾಯದ ರಿಯಾಯಿತಿಯಲ್ಲಿ ಬಿಟ್ಟುಕೊಡುತ್ತಿದ್ದ ಭೂಮಿ ಕೆರೆಗೊಡಗೆ, ಕಟ್ಟುಗೊಡಗೆ ಎನಿಸಿಕೊಂಡಿತು. ಕೆರೆಯ ಪಾಲನೆಗೆ ಮೀಸಲಾದದ್ದು ಬಿತ್ತುವಟ್ಟ. ಛತ್ರ, ಅರವಟಿಗೆ, ಮಠದ ಪಾಠಶಾಲೆಗಳಿಗೂ ಹೀಗೆಯೇ ದತ್ತಿಗಳು ನಡೆದುಬಂದವು. ಈ ಏರ್ಪಾಟಿನ ಮುಖ್ಯ ಗುಣವೆಂದರೆ ದಾನ ಒಮ್ಮೆ ಕೊಟ್ಟು ಮುಗಿಯುತ್ತಿರಲಿಲ್ಲ. ಭೂಮಿಯ ಹುಟ್ಟುವಳಿ ಪ್ರತಿವರ್ಷ ಬರುತ್ತಿತ್ತು, ಅದರಿಂದ ಹೂಳು ತೆಗೆಯುವುದು, ಏರಿಗೆ ಮಣ್ಣು ಹಾಕುವುದು ಸಾಗುತ್ತಿತ್ತು. ಕಟ್ಟುವುದಕ್ಕಿಂತ ಕಾಯ್ದುಕೊಳ್ಳುವುದು ಕಷ್ಟ ಎಂಬುದನ್ನು ಅರಿತವರು ಮಾಡಿದ ಏರ್ಪಾಟು ಅದು. ಆದರೆ ಅದು ಜಾತಿ ಮತ್ತು ಒಡೆತನದ ಶ್ರೇಣಿಯೊಳಗೇ ನಡೆದದ್ದು. ದತ್ತಿಯ ಫಲ ಊರಿನ ಎಲ್ಲರಿಗೂ ಸಮನಾಗಿ ದಕ್ಕಲಿಲ್ಲ ಎಂಬುದನ್ನು ಮರೆಯುವಂತಿಲ್ಲ.

ಬ್ರಿಟಿಷರ ಕಾಲದಲ್ಲಿ ಎರಡು ಹೊಸ ಪದ್ಧತಿಗಳು ಬಂದವು. ಒಂದು, 1854ರ ವುಡ್ ವರದಿ ಜಾರಿಗೆ ತಂದ ಸಹಾಯಾನುದಾನ: ಖಾಸಗಿ ಶಾಲೆ ಸರ್ಕಾರದ ತಪಾಸಣೆಗೆ ಒಪ್ಪಿದರೆ ಅದರ ಖರ್ಚಿನ ಒಂದು ಪಾಲು ಖಜಾನೆಯಿಂದ ಬರುತ್ತಿತ್ತು. ಇಂದು ‘ಅನುದಾನಿತ ಶಾಲೆ’ ಎನ್ನುವುದರ ಮೂಲ ಇದೇ. ಇನ್ನೊಂದು, 1860ರ ಸಂಘಗಳ ನೋಂದಣಿ ಕಾಯ್ದೆ. ಇದರಿಂದ ಹತ್ತಾರು ಜನ ಸೇರಿ ಕಟ್ಟಿದ ಸಂಘವೊಂದು ಕಾನೂನಿನ ಕಣ್ಣಿಗೆ ಕಾಣುವ ಸಂಸ್ಥೆಯಾಯಿತು, ಹಣ ಪಡೆಯಲು ಅರ್ಹವಾಯಿತು. ಹಾಗೆಂದು ದತ್ತಿಯ ದಾರಿ ಮುಚ್ಚಿಹೋಗಲಿಲ್ಲ. 1906ರಲ್ಲಿ ತೀರಿಕೊಂಡ ಶಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ತಮ್ಮ ಸಮುದಾಯದ ಮಕ್ಕಳ ಓದಿಗೆ ಬರೆದಿಟ್ಟರು. ಆ ಟ್ರಸ್ಟಿನ ನೆರವಿನಿಂದ ಉತ್ತರ ಕರ್ನಾಟಕದ ಎಷ್ಟೋ ವಿದ್ಯಾರ್ಥಿಗಳು ಕಾಲೇಜು ಕಂಡರು. ಮೈಸೂರು ಸಂಸ್ಥಾನದಲ್ಲಿ ಮುಜರಾಯಿ ಇಲಾಖೆ ದೇವಸ್ಥಾನ, ಛತ್ರಗಳ ಆದಾಯವನ್ನು ನೋಡಿಕೊಳ್ಳುತ್ತಿತ್ತು.

ಸ್ವಾತಂತ್ರ್ಯಾನಂತರ ದತ್ತಿಯ ಬುಡವೇ ಅಲುಗಿತು. 1955ರ ಕಾಯ್ದೆ ಮೈಸೂರಿನ ಧಾರ್ಮಿಕ ಮತ್ತು ಧರ್ಮಾದಾಯ ಇನಾಮುಗಳನ್ನು ರದ್ದುಪಡಿಸಿತು. ಭೂಮಿ ಕಳೆದುಕೊಂಡ ದೇವಸ್ಥಾನಗಳಿಗೆ ಪ್ರತಿಯಾಗಿ ವರ್ಷಕ್ಕಿಷ್ಟು ಎಂದು ನಗದಿನ ತಸ್ತೀಕು ಬರತೊಡಗಿತು. ಉಳುವವನಿಗೆ ನೆಲ ಸಿಗಬೇಕಾದದ್ದು ನ್ಯಾಯವೇ. ಆದರೆ ಬೆಳೆಯ ಬೆಲೆಯೊಂದಿಗೆ ಏರುತ್ತಿದ್ದ ಆದಾಯದ ಜಾಗಕ್ಕೆ ಗೊತ್ತುಮಾಡಿದ ನಗದು ಬಂದಾಗ ಹಣದುಬ್ಬರ ಅದನ್ನು ವರ್ಷವರ್ಷಕ್ಕೂ ಸವೆಸಿತು.

ಇದೇ ಹೊತ್ತಿಗೆ ಸರ್ಕಾರವೇ ದೊಡ್ಡ ದಾನಿಯಾಯಿತು. ಮೊದಲ ಪಂಚವಾರ್ಷಿಕ ಯೋಜನೆ ಸ್ವಯಂಸೇವಾ ಸಂಸ್ಥೆಗಳ ನೆರವಿಗೆಂದು 4 ಕೋಟಿ ರೂಪಾಯಿ ತೆಗೆದಿರಿಸಿತು. ಅದನ್ನು ಹಂಚಲು 1953ರಲ್ಲಿ ದುರ್ಗಾಬಾಯಿ ದೇಶಮುಖ್ ಅವರ ಅಧ್ಯಕ್ಷತೆಯಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಸ್ಥಾಪನೆಯಾಯಿತು. ಮಹಿಳಾ ಸಮಾಜ, ಶಿಶುವಿಹಾರ, ಹೊಲಿಗೆ ತರಗತಿ, ಅನಾಥಾಲಯ ಮುಂತಾದ ಸಣ್ಣ ಊರುಗಳ ಸಂಸ್ಥೆಗಳಿಗೆ ದೆಹಲಿಯ ಹಣ ಮುಟ್ಟಿದ್ದು ಈ ಮಂಡಳಿ ಮತ್ತು ಅದರ ರಾಜ್ಯ ಶಾಖೆಗಳ ಮೂಲಕ. ಗ್ರಾಮೀಣಾಭಿವೃದ್ಧಿಯ ಕೆಲಸಗಳಿಗಾಗಿ 1986ರಲ್ಲಿ ಕಪಾರ್ಟ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆ ಬಂತು. ಅರ್ಜಿ, ಅಂದಾಜು ಪಟ್ಟಿ, ಮೊದಲ ಕಂತು, ಆಡಿಟ್ ಆದ ಲೆಕ್ಕ, ಹಣ ಬಳಕೆ ಪ್ರಮಾಣಪತ್ರ, ಆಮೇಲೆ ಎರಡನೆಯ ಕಂತು: ಸೇವಾಸಂಸ್ಥೆಗಳ ಕಚೇರಿಗಳಲ್ಲಿ ಇಂದಿಗೂ ನಡೆಯುವ ಕಾಗದದ ಸರಣಿ ಈ ದಶಕಗಳಲ್ಲಿ ಗಟ್ಟಿಯಾಯಿತು. ಸಾರ್ವಜನಿಕರ ಹಣಕ್ಕೆ ಲೆಕ್ಕ ಬೇಕೇ ಬೇಕು. ಆದರೆ ಕಂತು ತಡವಾದ ತಿಂಗಳುಗಳಲ್ಲಿ ಶಿಶುವಿಹಾರದ ಶಿಕ್ಷಕಿಯ ಸಂಬಳಕ್ಕೆ ದಾರಿ ಯಾವುದು ಎಂಬ ಪ್ರಶ್ನೆಗೆ ಈ ಸರಣಿಯಲ್ಲಿ ಉತ್ತರವಿರಲಿಲ್ಲ.

ಅನುದಾನ ಹೇಗಿರಬೇಕು ಎಂಬುದಕ್ಕೆ ಕರ್ನಾಟಕವೇ ಒಂದು ಉದಾಹರಣೆ ಕೊಟ್ಟಿದೆ. 1968ರಲ್ಲಿ ಆರಂಭವಾದ ಮೈರಾಡ ಸಂಸ್ಥೆ 1980ರ ದಶಕದಲ್ಲಿ ಹಳ್ಳಿಗರ ಚಿಕ್ಕ ಚಿಕ್ಕ ಉಳಿತಾಯ ಗುಂಪುಗಳನ್ನು ಬೆಳೆಸುತ್ತಿತ್ತು. ಒಬ್ಬರನ್ನೊಬ್ಬರು ನಂಬುವ ಹದಿನೈದು ಇಪ್ಪತ್ತು ಜನ ವಾರವಾರ ಸೇರಿ, ಉಳಿಸಿ, ತಮ್ಮೊಳಗೆ ಸಾಲ ಕೊಟ್ಟುಕೊಳ್ಳುವ ಈ ಪ್ರಯೋಗಕ್ಕೆ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ 1987ರಲ್ಲಿ 10 ಲಕ್ಷ ರೂಪಾಯಿ ಅನುದಾನ ನೀಡಿತು. ಹಣ ದೊಡ್ಡದಲ್ಲ, ಕಟ್ಟಡಕ್ಕೂ ಕೊಟ್ಟದ್ದಲ್ಲ. ಗುಂಪುಗಳನ್ನು ತರಬೇತುಗೊಳಿಸಲು, ಅವು ಹೇಗೆ ನಡೆಯುತ್ತವೆ ಎಂದು ಅರಿಯಲು ಕೊಟ್ಟದ್ದು. ಐದು ವರ್ಷಗಳ ನಂತರ, 1992ರಲ್ಲಿ, ಇಂಥ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಾಯೋಗಿಕ ಯೋಜನೆಯನ್ನು ನಬಾರ್ಡ್ ಕೈಗೆತ್ತಿಕೊಂಡಿತು. ದೇಶದುದ್ದಕ್ಕೂ ಇಂದು ಕಾಣುವ ಸ್ವಸಹಾಯ ಸಂಘಗಳು ಬೆಳೆದದ್ದು ಇದರ ಬೆನ್ನಿಗೆ. ಕೆಲಸ ಮಾಡುವ ಜನರ ಸಾಮರ್ಥ್ಯಕ್ಕೆ ಹಾಕಿದ ಹಣ ಎಷ್ಟು ಫಲ ಕೊಡಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಕೆರೆಗಳ ವಿಷಯದಲ್ಲೂ ಹೊಸ ಪ್ರಯತ್ನಗಳಾದವು. 2002ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಆರಂಭವಾದ ಯೋಜನೆಯನ್ನು ಜಲಸಂವರ್ಧನೆ ಯೋಜನಾ ಸಂಘ ನಡೆಸಿತು. ಪ್ರತಿ ಕೆರೆಗೂ ಬಳಕೆದಾರರ ಸಂಘ ಕಟ್ಟಿ, ಊರಿನವರಿಂದಲೂ ವಂತಿಗೆ ಪಡೆದು ಹೂಳೆತ್ತಿಸುವುದು ಅದರ ಕ್ರಮ. ಕೆಲಸಕ್ಕೆ ಹಣವಿತ್ತು, ಕೆಲಸ ಮುಗಿದ ಮೇಲೆ ಸಂಘವನ್ನು ಉಳಿಸಿಕೊಳ್ಳುವ ಖಾಯಂ ಆದಾಯ ಮಾತ್ರ ಬಿತ್ತುವಟ್ಟದ ಕಾಲದಂತೆ ಇರಲಿಲ್ಲ. 1993ರ ಡಿಸೆಂಬರಿನಲ್ಲಿ ಆರಂಭವಾದ ಸಂಸದರ ಪ್ರದೇಶಾಭಿವೃದ್ಧಿ ನಿಧಿಯದೂ ಬಹುಮಟ್ಟಿಗೆ ಇದೇ ಕಥೆ. ವರ್ಷಕ್ಕೆ 5 ಕೋಟಿಯವರೆಗೆ ಬೆಳೆದ ಆ ನಿಧಿಯಿಂದ ಸಮುದಾಯ ಭವನ ಏಳುತ್ತದೆ. ಅದರ ಕರೆಂಟು ಬಿಲ್ಲು, ಸುಣ್ಣಬಣ್ಣ, ಕಾವಲುಗಾರ ಊರಿನವರ ಪಾಲಿಗೆ.

ಸೇವಾಸಂಸ್ಥೆಗಳಿಗೆ ಹೊರದೇಶಗಳಿಂದಲೂ ಹಣ ಬರುತ್ತಿತ್ತು; ಈ ವಿದೇಶಿ ಹಣದ ಮೇಲೆ ಹಿಡಿತ ಬಂದದ್ದು ತುರ್ತುಪರಿಸ್ಥಿತಿಯ ಕಾಲದ 1976ರ ಕಾಯ್ದೆಯಿಂದ. 2010ರ ಹೊಸ ಕಾಯ್ದೆ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕೆಂದಿತು. 2020ರ ತಿದ್ದುಪಡಿ ಇನ್ನೂ ಬಿಗಿಯಾದದ್ದು: ಆಡಳಿತ ವೆಚ್ಚದ ಮಿತಿ ಶೇ. 50ರಿಂದ ಶೇ. 20ಕ್ಕೆ ಇಳಿಯಿತು, ವಿದೇಶಿ ದೇಣಿಗೆಯನ್ನು ಮೊದಲು ನವದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಪಡೆಯಬೇಕಾಯಿತು. ಎಲ್ಲಕ್ಕಿಂತ ಹೆಚ್ಚು ಪೆಟ್ಟು ಕೊಟ್ಟದ್ದು, ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಮತ್ತೊಂದಕ್ಕೆ ವರ್ಗಾಯಿಸಬಾರದೆಂಬ ನಿಷೇಧ. ಬೆಂಗಳೂರಿನ ದೊಡ್ಡ ಸಂಸ್ಥೆ ಅರ್ಜಿ, ಲೆಕ್ಕಪತ್ರಗಳ ಹೊರೆ ಹೊತ್ತು, ತಾಲ್ಲೂಕಿನ ಚಿಕ್ಕ ಸಂಸ್ಥೆಗೆ ಹಣ ದಾಟಿಸುತ್ತಿದ್ದ ದಾರಿ ಅಲ್ಲಿಗೆ ಕಡಿಯಿತು. ಹೊರನಾಡಿನ ಕನ್ನಡಿಗರಿಗೂ ಈ ಕಾನೂನು ತಟ್ಟುತ್ತದೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ಹುಟ್ಟೂರಿನ ಶಾಲೆಗೆ ಬ್ಯಾಂಕಿನ ಮೂಲಕ ಕಳುಹಿಸುವ ಹಣ ವಿದೇಶಿ ದೇಣಿಗೆಯಲ್ಲ. ಅಮೆರಿಕದ ಪೌರತ್ವ ಪಡೆದವರು ಕಳುಹಿಸಿದರೆ ಅದು ವಿದೇಶಿ ದೇಣಿಗೆ, ಶಾಲೆಯ ಸಮಿತಿಗೆ ನೋಂದಣಿಯೋ ಪೂರ್ವಾನುಮತಿಯೋ ಇರಲೇಬೇಕು.

ವಿದೇಶಿ ಹಣದ ದಾರಿ ಕಿರಿದಾಗುತ್ತಿದ್ದಂತೆ ಕಂಪನಿಗಳ ಹಣ ಏರಿತು. 2013ರ ಕಂಪನಿ ಕಾಯ್ದೆಯ 135ನೆಯ ಕಲಂ 2014ರ ಏಪ್ರಿಲ್ 1ರಿಂದ ಜಾರಿಯಾಯಿತು. 500 ಕೋಟಿ ನಿವ್ವಳ ಮೌಲ್ಯ, 1000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ ಇರುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ನ್ನು ಸಾಮಾಜಿಕ ಕೆಲಸಕ್ಕೆ ವೆಚ್ಚ ಮಾಡಬೇಕಾಯಿತು. ಮೊದಲ ವರ್ಷ ದೇಶದಲ್ಲಿ ಸುಮಾರು 10 ಸಾವಿರ ಕೋಟಿಯಷ್ಟಿದ್ದ ಈ ವೆಚ್ಚ 2022-23ರ ಹೊತ್ತಿಗೆ 30 ಸಾವಿರ ಕೋಟಿಯ ಹತ್ತಿರ ಬಂತು. ಕಂಪನಿ ಇರುವ ಪ್ರದೇಶಕ್ಕೆ ಆದ್ಯತೆ ಎಂದು ಕಾಯ್ದೆಯೇ ಹೇಳುವುದರಿಂದ ಕಾರ್ಖಾನೆ, ಕಚೇರಿಗಳಿರುವ ಕಡೆಗೇ ಹಣ ಹೆಚ್ಚು ಹರಿಯುತ್ತದೆ. ಬೆಂಗಳೂರಿಗೆ ಸಿಕ್ಕಷ್ಟು ಬೀದರಿಗೋ ಯಾದಗಿರಿಗೋ ಸಿಗುವುದಿಲ್ಲ. 2021ರ ನಿಯಮಗಳು ಮೂಲನಿಧಿಗೆ ಕೊಡುವ ಹಣವನ್ನು ಈ ಲೆಕ್ಕದಿಂದ ಹೊರಗಿಟ್ಟವು. ದತ್ತಿಯಾಗಿ ಇಟ್ಟು ಬಡ್ಡಿಯಲ್ಲಿ ಸಂಸ್ಥೆ ನಡೆಸುವ ಹಳೆಯ ದಾರಿ ಕಂಪನಿಗಳ ಹಣಕ್ಕೆ ಹೀಗೆ ಮುಚ್ಚಿತು. ಆಡಳಿತಕ್ಕೆ ಶೇ. 5 ಎಂಬ ಮಿತಿ ಇರುವುದು ಕಂಪನಿಯ ಸ್ವಂತ ವೆಚ್ಚಕ್ಕೆ. ಅದನ್ನೇ ಸೇವಾಸಂಸ್ಥೆಯ ಸಂಬಳ, ಬಾಡಿಗೆ, ಲೆಕ್ಕಿಗರ ಶುಲ್ಕಕ್ಕೂ ಅನ್ವಯಿಸುವ ದಾನಿಗಳಿದ್ದಾರೆ. ಇದು ನಿಯಮವನ್ನು ತಪ್ಪಾಗಿ ಓದಿದ್ದು, ಅದರ ಹಾನಿ ಚಿಕ್ಕದಲ್ಲ.

ತೆರಿಗೆಯ ಕಡೆಯಿಂದಲೂ ಬಿಗಿ ಬಂತು. 2023ರ ಏಪ್ರಿಲ್‌ನಿಂದ ಒಂದು ಧರ್ಮಾರ್ಥ ಸಂಸ್ಥೆ ಇನ್ನೊಂದಕ್ಕೆ ಕೊಟ್ಟ ದೇಣಿಗೆಯಲ್ಲಿ ಶೇ. 85ನ್ನು ಮಾತ್ರ ಸದುದ್ದೇಶಕ್ಕೆ ಬಳಸಿದ ಹಣವೆಂದು ಪರಿಗಣಿಸಲಾಗುತ್ತದೆ. ಸಂಸ್ಥೆಗಳು ತಮ್ಮತಮ್ಮೊಳಗೆ ಹಣ ಹಂಚಿಕೊಳ್ಳುವುದಕ್ಕೆ ಇದು ಇನ್ನೊಂದು ತಡೆ.

ಇತ್ತೀಚಿನ ಬೆಳವಣಿಗೆ ಸಾಮಾಜಿಕ ಷೇರು ವಿನಿಮಯ ಕೇಂದ್ರ. 2019ರ ಬಜೆಟ್ಟಿನಲ್ಲಿ ಘೋಷಣೆಯಾಗಿ, 2022ರಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮಗಳನ್ನು ಪಡೆದ ಈ ವೇದಿಕೆಯಲ್ಲಿ ಅಸಲೂ ಬಡ್ಡಿಯೂ ಮರಳದ ಪತ್ರಗಳನ್ನು ಕೊಂಡು ದಾನ ಮಾಡಬಹುದು. 2023ರ ಡಿಸೆಂಬರಿನಲ್ಲಿ ಮೊದಲು ಪಟ್ಟಿಗೆ ಸೇರಿದ್ದು ಬೆಂಗಳೂರಿನ ಉನ್ನತಿ ಫೌಂಡೇಶನ್. ಲೆಕ್ಕವನ್ನೂ ಕೆಲಸದ ಪರಿಣಾಮವನ್ನೂ ಬಹಿರಂಗಪಡಿಸಬೇಕಾದ್ದರಿಂದ ದಾನಿಗೆ ಭರವಸೆ ಹೆಚ್ಚು. ಆದರೆ ನೋಂದಣಿಗೆ ಮೂರು ವರ್ಷದ ಅಸ್ತಿತ್ವ, ವರ್ಷಕ್ಕೆ 50 ಲಕ್ಷ ರೂಪಾಯಿಯ ವೆಚ್ಚ ಇರಬೇಕು. ತಾಲ್ಲೂಕು ಕೇಂದ್ರದಲ್ಲಿ ಅಂಗವಿಕಲ ಮಕ್ಕಳ ಶಾಲೆ ನಡೆಸುವ, ಹಳ್ಳಿಯಲ್ಲಿ ವಾಚನಾಲಯ ತೆರೆದಿಡುವ ಸಂಘಗಳು ಆ ಗಾತ್ರದವಲ್ಲ. ಅಂಥವು ಇವತ್ತಿಗೂ ನಡೆಯುತ್ತಿರುವುದು ಊರಿನ ವರ್ತಕರು, ಮಠಗಳು, ಹಳೆಯ ವಿದ್ಯಾರ್ಥಿಗಳು ಕೊಡುವ ವಂತಿಗೆಯಿಂದ, ಯಾವುದಾದರೂ ಇಲಾಖೆ ಮಂಜೂರು ಮಾಡುವ ವಾರ್ಷಿಕ ಧನಸಹಾಯದಿಂದ.