ಹೆಗಲ ಮೇಲಿನ ಬೇತಾಳ, ಊರ ಗಡಿಯ ಬೇತಾಳ

ಗೋವಾದ ದಕ್ಷಿಣ ತುದಿಯಲ್ಲಿ, ಕಾರವಾರಕ್ಕೆ ಹೊಂದಿಕೊಂಡಿರುವ ಕಾಣಕೋಣ ತಾಲ್ಲೂಕಿನ ಪೈಂಗಿಣ ಮತ್ತು ಲೋಲಿಯೆ ಗ್ರಾಮಗಳಲ್ಲಿ ಬೇತಾಳನು ಇಂದಿಗೂ ಪೂಜೆಗೊಳ್ಳುವ ದೈವ. 1949ರಲ್ಲಿ ಆರಂಭವಾದ ಕನ್ನಡ ‘ಚಂದಮಾಮ’ ಮಾಸಪತ್ರಿಕೆಯ ಮೂಲಕ ಬೇತಾಳವನ್ನು ಅರಿತವರಿಗೆ ಇದು ಅಚ್ಚರಿಯ ಸಂಗತಿಯೇ ಸರಿ. ಕೈಯಲ್ಲಿ ಖಡ್ಗ ಹಿಡಿದು, ಹೆಗಲ ಮೇಲೆ ಹೆಣ ಹೊತ್ತು ಸ್ಮಶಾನದಲ್ಲಿ ನಡೆಯುವ ರಾಜನನ್ನು ಚಿತ್ರಕಾರ ಶಂಕರ್ ಬರೆದ ಬಗೆಯಿಂದಾಗಿ, ಹಲವು ತಲೆಮಾರಿನ ಮಕ್ಕಳಿಗೆ ಬೇತಾಳವೆಂದರೆ ಶವವನ್ನು ಹೊಕ್ಕು ಮಾತಾಡುವ ಪಿಶಾಚಿಯೆಂಬ ಭಾವನೆಯೇ ಉಳಿದಿತ್ತು.

ಬೆಳೆದ ಓದುಗರು ಮೂಲಕ್ಕೆ, ಅಂದರೆ 11ನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವ ರಚಿಸಿದ ‘ಕಥಾಸರಿತ್ಸಾಗರ’ಕ್ಕೆ ಹೋದಾಗ, ಮಾಸಪತ್ರಿಕೆಯ ಸರಣಿ ಎಂದೂ ಮುಟ್ಟದ ಮುಕ್ತಾಯವೊಂದು ಅಲ್ಲಿ ಎದುರಾಗುತ್ತದೆ. ಒಬ್ಬ ತಂದೆ ಇನ್ನೊಬ್ಬಾಕೆಯ ಮಗಳನ್ನೂ ಅವನ ಮಗ ಆ ಮಗಳ ತಾಯಿಯನ್ನೂ ಮದುವೆಯಾದರೆ ಹುಟ್ಟುವ ಮಕ್ಕಳ ನಂಟೇನು ಎಂದು ಬೇತಾಳ ಕೇಳುವ ಕೊನೆಯ ಒಗಟಿಗೆ ಉತ್ತರ ತೋಚದೆ ರಾಜ ಮೌನವಾಗುತ್ತಾನೆ; ಆಗ ಬೇತಾಳ, ಹೆಣವನ್ನು ತರಿಸುತ್ತಿರುವ ಸನ್ಯಾಸಿ ರಾಜನನ್ನೇ ಬಲಿಕೊಡಲಿದ್ದಾನೆಂದು ಎಚ್ಚರಿಸಿ, ಸಾಷ್ಟಾಂಗ ನಮಸ್ಕಾರ ಹೇಗೆಂದು ಅವನಿಂದಲೇ ಮಾಡಿಸಿ ತೋರಿಸಿಕೊಂಡು ತಲೆ ಕಡಿಯುವ ಉಪಾಯವನ್ನು ಹೇಳಿಕೊಡುತ್ತದೆ. ಇಷ್ಟು ಹೊತ್ತು ಹೆದರಿಸಿದ್ದೇ ಕಾಯುವ ಶಕ್ತಿಯೂ ಆಗಿತ್ತೆಂಬುದು ಬಾಲ್ಯದ ಓದಿಗೆ ದಕ್ಕದ ಮಾತು.

ಗೋವಾದ ಜನಪದರಿಗೆ ಮಾತ್ರ ಇದು ತಿಳಿದೇ ಇತ್ತು. ಅಲ್ಲಿನ ಹಳೆಯ ಬೇತಾಳ ಶಿಲ್ಪಗಳಲ್ಲಿ ನಗ್ನ ದೇಹ, ರುಂಡಮಾಲೆ, ಹೊಟ್ಟೆಯ ಮೇಲೊಂದು ಚೇಳು ಕಾಣುತ್ತವೆ. ಆದರೂ ಆ ಭಯಂಕರ ರೂಪ ಊರ ಮೇಲೆ ಎರಗಲು ಬರುವ ಕೇಡಿನ ವಿರುದ್ಧವೇ ಹೊರತು ಊರವರ ವಿರುದ್ಧವಲ್ಲ. ಸಾಸಷ್ಟಿ ಪ್ರದೇಶದ ದೇವಾಲಯಗಳನ್ನು ಪೋರ್ಚುಗೀಸ್ ಆಡಳಿತ 1567ರಲ್ಲಿ ಕೆಡವಿತಾದರೂ ಅಲ್ಲಿನ ಬೇತಾಳಭಾಟಿ ಎಂಬ ಊರಿನ ಹೆಸರಿನಲ್ಲಿ ಅವನು ಉಳಿದುಕೊಂಡ. ಕಾಣಕೋಣವಾದರೋ ಸೋದೆಯ ಅರಸರ ಕೈಯಲ್ಲಿದ್ದು, 1760ರ ದಶಕದಲ್ಲಿ ಹೈದರಾಲಿ ಸೋದೆಯನ್ನು ಗೆದ್ದ ಬಳಿಕವಷ್ಟೇ ಪೋರ್ಚುಗೀಸರ ಪಾಲಾಯಿತು. ಗುಡಿಗಳನ್ನು ಕೆಡವುವ ಕಾಲ ಅಷ್ಟರಲ್ಲಿ ಮುಗಿದಿದ್ದರಿಂದ ಅಲ್ಲಿ ಬೇತಾಳನ ಪೂಜೆ ನಿಲ್ಲಲಿಲ್ಲ.

ಬೇತಾಳನಿಗೆ ಚರ್ಮದ ಚಪ್ಪಲಿಯನ್ನು ಹರಕೆಯಾಗಿ ಒಪ್ಪಿಸುವ ಪದ್ಧತಿ ಗೋವಾದಲ್ಲಿದೆ. ರಾತ್ರಿಯಿಡೀ ಊರ ಗಡಿಯನ್ನು ಸುತ್ತಿ ಕಾಯುವುದರಿಂದ ಅವನ ಚಪ್ಪಲಿ ಸವೆಯುತ್ತದೆಂದು, ಸವೆದಾಗ ಹೊಸ ಜೋಡಿ ಕೊಡಬೇಕೆಂದು ಭಕ್ತರು ನಂಬುತ್ತಾರೆ.