ಕಾಶಿಯಲ್ಲಿ ಬೀಗರ ಬಿಡಾರ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಕಾಶಿಯಲ್ಲಿ ನೆಲಸಿರುವ ಕನ್ನಡಿಗರಾದ ನಮಗೆ ಈ ಗಾದೆ ಸಾಲದು. ಮನೆಯನ್ನು ಸಾಲ ತಂದಾದರೂ ಕಟ್ಟಬಹುದು. ಮದುವೆಯನ್ನೂ ಹೇಗೋ ಮಾಡಿ ಮುಗಿಸಬಹುದು. ಆದರೆ ಮೈಸೂರಿನಿಂದ, ಧಾರವಾಡದಿಂದ, ಮಂಗಳೂರಿನಿಂದ ಬರುವ ನೂರು ಮಂದಿ ನೆಂಟರನ್ನು ಎಲ್ಲಿ ಇಳಿಸುವುದು? ಊರಿನಲ್ಲಾದರೆ ಎದುರುಮನೆಯ ಪಡಸಾಲೆ, ಪಕ್ಕದ ಮನೆಯ ಅಟ್ಟ ಯಾವುದಾದರೊಂದು ಒದಗುತ್ತಿತ್ತು. ಇಲ್ಲಿ ಎದುರುಮನೆಯವರಿಗೆ ತಮ್ಮ ನೆಂಟರದೇ ಚಿಂತೆ. ಹೆಣ್ಣಿನ ತಂದೆಗೆ ಈ ಒಂದು ವಿಷಯದಲ್ಲಿ ತಗಲುವ ವೆಚ್ಚವೂ ಅದು ತಪ್ಪಿದರೆ ಬರುವ ಅಪಮಾನವೂ ಸಾಮಾನ್ಯವಲ್ಲ. ಆದುದರಿಂದ ಈ ಬಿಡಾರದ ಪೂರ್ವಚರಿತ್ರೆಯನ್ನು ಸ್ವಲ್ಪ ನೋಡುವುದು ವ್ಯರ್ಥವಾಗಲಾರದು.

ಕಾಶಿಯಲ್ಲಿ ಕನ್ನಡಿಗನ ಯೋಗಕ್ಷೇಮಕ್ಕೆ ಕನ್ನಡನಾಡು ಹಣ ಕೊಟ್ಟ ಹಳೆಯ ಉದಾಹರಣೆ ೧೨೭೯ರದು. ಆಗ ಈ ಕ್ಷೇತ್ರ ದಿಲ್ಲಿಯ ಸುಲ್ತಾನರ ಅಧೀನವಾಗಿತ್ತು. ಕರ್ನಾಟಕ, ತೆಲುಂಗ, ತುಳು, ಮಲೆಯಾಳ ಮೊದಲಾದ ನಾಡುಗಳಿಂದ ಇಲ್ಲಿಗೆ ಬಂದವರು ತುರುಷ್ಕರಿಗೆ ತೆರಬೇಕಾಗಿದ್ದ ತೆರಿಗೆಗೂ ವಿಶ್ವೇಶ್ವರನ ಸೇವೆಗೂ ಎಂದು ಹೊಯ್ಸಳ ಮೂರನೆಯ ನರಸಿಂಹನು ಹೆಬ್ಬಾಲೆ ಎಂಬ ಗ್ರಾಮವನ್ನು ಬಿಟ್ಟುಕೊಟ್ಟನು. ಅದರ ವಾರ್ಷಿಕ ಉತ್ಪನ್ನ ೬೪೫ ನಿಷ್ಕ. ಬ್ಯಾಂಕಿನ ಮೇಜಿನ ಮುಂದೆ ದಿನ ಕಳೆಯುವ ನಮಗೆ ಈ ದಾನದ ಕ್ರಮ ಬಹಳ ಮೆಚ್ಚುಗೆಯಾಗಿದೆ. ಗಂಟನ್ನು ಒಮ್ಮೆಗೇ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಅಸಲನ್ನು ಹಾಗೆಯೇ ಇರಿಸಿ, ವರ್ಷವರ್ಷವೂ ಬರುವ ಹುಟ್ಟುವಳಿಯಿಂದ ಖರ್ಚು ಸಾಗುವಂತೆ ಏರ್ಪಡಿಸಿದನು. ಕನ್ನಡಿಗರಿಗೆ ಮಾತ್ರವೆಂದು ಕಟ್ಟು ಹಾಕಲಿಲ್ಲವೆಂಬುದೂ ಗಮನಿಸತಕ್ಕ ಮಾತು.

ತೆರಿಗೆಯ ಮಾತಾಯಿತು. ಇಳಿದುಕೊಳ್ಳಲು ಸ್ಥಳ ಒದಗಿದ್ದು ಮಠಗಳಿಂದ. ಗೋದೌಲಿಯಾದ ಹತ್ತಿರದ ಜಂಗಮವಾಡಿ ಮಠವು ವೀರಶೈವ ಪಂಚಪೀಠಗಳಲ್ಲಿ ಒಂದಾದ ಜ್ಞಾನಸಿಂಹಾಸನದ ನೆಲೆ. ಅಕ್ಬರ್, ಜಹಾಂಗೀರ್, ಷಾಜಹಾನ್, ಔರಂಗಜೇಬರ ಕಾಲದ ಫರ್ಮಾನುಗಳು ಈ ಮಠಕ್ಕುಂಟು. ಬ್ರಹ್ಮಘಾಟಿನಲ್ಲಿ ಗೌಡಸಾರಸ್ವತರ ಕಾಶೀಮಠವಿದೆ. ಹನುಮಾನ್ ಘಾಟಿನ ಸುತ್ತಿನ ಗಲ್ಲಿಗಳು ದಕ್ಷಿಣದವರ ಕೇರಿಯೇ ಸರಿ. ತಮಿಳು ಕವಿ ಸುಬ್ರಹ್ಮಣ್ಯ ಭಾರತಿಯವರು ಹುಡುಗರಾಗಿದ್ದಾಗ ತಮ್ಮ ಸೋದರತ್ತೆಯ ಮನೆಯಲ್ಲಿ ವಾಸವಾಗಿದ್ದುದು ಇಲ್ಲಿಯೇ. ಇದರ ಪಕ್ಕದಲ್ಲಿ ಮೈಸೂರು ಸಂಸ್ಥಾನವು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಕಟ್ಟಿಸಿದ ಘಾಟಿಗೆ ಇಂದು ಕರ್ನಾಟಕ ಘಾಟ್ ಎಂದೇ ಹೆಸರು. ಮೈಸೂರಿನವರ ಛತ್ರವೂ ಈ ಭಾಗದಲ್ಲಿಯೇ ಇದ್ದು, ಈಗ ಕರ್ನಾಟಕದ ಮುಜರಾಯಿ ಇಲಾಖೆಯ ಆಡಳಿತದಲ್ಲಿದೆ. ಇವಲ್ಲದೆ ತೀರ್ಥಪುರೋಹಿತರಾದ ಪಂಡರು ತಮ್ಮ ಮನೆಗಳಲ್ಲಿಯೇ ಯಾತ್ರಿಕರನ್ನು ಇಳಿಸಿಕೊಂಡು, ಅವರ ಹೆಸರನ್ನೂ ಊರನ್ನೂ ಬಹಿಯಲ್ಲಿ ಬರೆದಿಡುತ್ತಿದ್ದರು. ತಾತ ಇಳಿದ ಮನೆಯಲ್ಲಿಯೇ ಮೊಮ್ಮಗನೂ ಇಳಿಯಬೇಕೆಂಬುದು ಅಲ್ಲಿಯ ಕಟ್ಟಳೆ.

೧೮೮೭ರಲ್ಲಿ ರಾಜಘಾಟಿನ ರೈಲ್ವೆ ಸೇತುವೆ ತೆರೆದ ಮೇಲೆ ಜನಪ್ರವಾಹ ಹೆಚ್ಚಿತು. ಅದಕ್ಕೆ ಮುಂಚೆ ಕಲ್ಕತ್ತೆಯ ಕಡೆಯಿಂದ ಬಂದವರು ಆಚೆಯ ದಡದಲ್ಲಿ ಇಳಿದು, ಹೊಳೆ ದಾಟಿ ಬರಬೇಕಾಗಿತ್ತು. ಸರಾಯಿಗಳ ಕಾನೂನಂತೂ ೧೮೬೭ರಲ್ಲೇ ಹುಟ್ಟಿತ್ತು. ಸರಾಯಿಯ ಹೆಸರು ದಾಖಲಾಗಬೇಕು, ಜಾಗ ಶುಚಿಯಾಗಿರಬೇಕು, ಕಾವಲಿರಬೇಕು, ಬಾಡಿಗೆಯ ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು ಎಂದು ಅದು ವಿಧಿಸಿತು. ಇಂದಿನ ಹೋಟೆಲಿನವರು ಸರಾಯಿಗಳ ಈ ಕೊನೆಯ ವಿಧಿಯನ್ನಾದರೂ ಲಗ್ನದ ದಿನಗಳಲ್ಲಿ ನೆನೆಯಬಾರದೆ ಎನಿಸುತ್ತದೆ. ಇಂಗ್ಲಿಷರ ಕಾಲದಲ್ಲಿ ದಂಡುಪ್ರದೇಶದಲ್ಲಿ ಹೋಟೆಲುಗಳಿದ್ದುವು ನಿಜ; ಆದರೆ ಅವು ದೊರೆಗಳಿಗೆ. ನಮ್ಮ ಹಿರಿಯರಿಗಾದರೋ ಹೋಟೆಲೆಂದರೆ ಇಡ್ಲಿ ಕಾಫಿಯ ಸ್ಥಳ, ಮಲಗುವ ಸ್ಥಳವಲ್ಲ. ಇಂದಿಗೂ ವಯಸ್ಸಾದ ನೆಂಟರಿಗೆ ‘ನಿಮ್ಮನ್ನು ಹೋಟೆಲಿನಲ್ಲಿ ಇಳಿಸಿದ್ದೇವೆ’ ಎಂದರೆ ಮುಖ ಸಣ್ಣದಾಗುವುದುಂಟು.

ಇಷ್ಟೆಲ್ಲ ಛತ್ರಗಳಿದ್ದರೂ ತೊಂದರೆ ಏಕೆ? ಅವು ಯಾತ್ರಿಕರಿಗಾಗಿ ಹುಟ್ಟಿದುವು, ಮದುವೆಗಾಗಿ ಅಲ್ಲ. ಕನ್ನಡಿಗರು ಹಿಂದೆ ಕಾಶಿಗೆ ಬರುತ್ತಿದ್ದುದು ಶ್ರಾದ್ಧಕ್ಕೆ, ಶಾಸ್ತ್ರಾಧ್ಯಯನಕ್ಕೆ, ಇಲ್ಲವೆ ದೇಹ ಬಿಡುವುದಕ್ಕೆ. ಮಗಳ ಮದುವೆ ಮಾಡುವುದಕ್ಕಲ್ಲ. ೧೯೧೬ರಲ್ಲಿ ಕಾಶೀ ಹಿಂದೂ ವಿಶ್ವವಿದ್ಯಾಲಯ ಸ್ಥಾಪಿತವಾಗಿ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು ಅದರ ಮೊದಲ ಕುಲಪತಿಗಳಾದರು. ಓದಿಗೂ ನೌಕರಿಗೂ ಬಂದು ಸಂಸಾರ ಹೂಡಿದವರ ಮನೆಗಳಲ್ಲಿ ಮದುವೆಗಳು ನಡೆಯತೊಡಗಿದಾಗ ಈ ಪ್ರಶ್ನೆ ತಲೆಯೆತ್ತಿತು.

ನಮ್ಮ ನಾಡಿನಲ್ಲಿ ಇದೇ ಕಾಲದಲ್ಲಿ ಛತ್ರವೆಂಬ ಮಾತಿನ ಅರ್ಥವೇ ಬದಲಾಯಿತು. ಬೆಂಗಳೂರಿನ ರೈಲುನಿಲ್ದಾಣದ ಬಳಿ ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಛತ್ರ ಪ್ರಯಾಣಿಕರಿಗಾಗಿ. ಆದರೆ ಇಂದು ಬೆಂಗಳೂರಿನಲ್ಲಿ ‘ಛತ್ರ ಗೊತ್ತುಮಾಡಿದೆವು’ ಎಂದರೆ ಮದುವೆ ಗೊತ್ತಾಯಿತೆಂದೇ ಅರ್ಥ! ವರಪೂಜೆ, ಧಾರೆ, ಊಟ, ಬೀಗರ ಕೋಣೆ ಎಲ್ಲವೂ ಒಂದೇ ಸೂರಿನಡಿ. ಕಾಶಿಯ ಛತ್ರಗಳು ಹಾಗೆ ಬದಲಾಗಲಿಲ್ಲ. ಬದಲಾಗಬಾರದೆಂದೇ ನಮ್ಮ ಅಭಿಪ್ರಾಯ. ತಂದೆಯ ಅಸ್ಥಿಯನ್ನು ಹೊತ್ತು ಮೂರು ಹಗಲು ಪ್ರಯಾಣ ಮಾಡಿ ಬಂದವನಿಗೆ, ಮದುವೆಯ ಗದ್ದಲದಿಂದ ಸ್ಥಳವಿಲ್ಲವೆಂದು ಹೇಳುವುದು ಯಾವ ನ್ಯಾಯ?

ಇಲ್ಲಿಯವರಲ್ಲಿಯೂ ಒಂದು ಒಳ್ಳೆಯ ಪದ್ಧತಿಯಿತ್ತು. ವರನ ಕಡೆಯ ದಿಬ್ಬಣಕ್ಕೆ ಇವರು ಬರಾತ್ ಎನ್ನುತ್ತಾರೆ. ಅದರ ಬಿಡಾರಕ್ಕೆ ಜನವಾಸಾ ಎಂದು ಹೆಸರು. ತುಲಸೀದಾಸರು ತಮ್ಮ ರಾಮಾಯಣದಲ್ಲಿ ಜನಕರಾಜನು ದಶರಥನ ಪರಿವಾರಕ್ಕೆ ಜನವಾಸ ಕೊಟ್ಟುದನ್ನು ವರ್ಣಿಸಿದ್ದಾರೆ. ಹಳ್ಳಿಗಳಲ್ಲಿ ಶಾಲೆಯ ಕಟ್ಟಡವೋ ಮಾವಿನತೋಪೋ ಜನವಾಸವಾಗುತ್ತಿತ್ತು. ಊರವರೇ ಮಂಚ ಹಾಸಿಗೆಗಳನ್ನು ಹೊತ್ತು ತರುತ್ತಿದ್ದರು. ಹೊರೆ ಒಬ್ಬನ ಹೆಗಲಿಗೆ ಬೀಳುತ್ತಿರಲಿಲ್ಲ. ನಮ್ಮ ಮದುವೆಗಳಲ್ಲಿ ವರನು ಕೊಡೆ ಹಿಡಿದು, ಪಾದರಕ್ಷೆ ಮೆಟ್ಟಿ ಕಾಶೀಯಾತ್ರೆಗೆ ಹೊರಡುವುದುಂಟಷ್ಟೆ. ಕಾಶಿಯಲ್ಲಿಯೇ ಮದುವೆಯಾದರೆ ಅವನು ಎಲ್ಲಿಗೆ ಹೊರಡಬೇಕೆಂಬ ಪ್ರಶ್ನೆಗೆ ಪುರೋಹಿತರೂ ನಕ್ಕುಬಿಡುತ್ತಾರೆ.

ಈಗಿನ ಕಷ್ಟ ಬೇರೆ ಬಗೆಯದು. ೨೦೨೧ರ ಡಿಸೆಂಬರ್ ೧೩ರಂದು ವಿಶ್ವನಾಥಧಾಮದ ಉದ್ಘಾಟನೆಯಾದ ಮೇಲೆ ಯಾತ್ರಿಕರ ಸಂಖ್ಯೆ ಬಹಳ ಏರಿದೆ. ಚಾತುರ್ಮಾಸ್ಯ ಕಳೆದು ಉತ್ಥಾನ ಏಕಾದಶಿಗೆ ಉತ್ತರದಲ್ಲಿ ಲಗ್ನಗಳು ಪ್ರಾರಂಭವಾಗುತ್ತವೆ; ಅದಾದ ನಾಲ್ಕೈದು ದಿನಕ್ಕೆ ಕಾರ್ತಿಕ ಪೂರ್ಣಿಮೆಯ ದೇವದೀಪಾವಳಿ. ಆ ವಾರದಲ್ಲಿ ಗಂಗೆಯ ಹತ್ತಿರ ಕೋಣೆ ಸಿಕ್ಕುವುದು ದುರ್ಲಭ, ಸಿಕ್ಕಿದರೆ ದರ ದುಬಾರಿ. ೨೦೨೨ರ ಜುಲೈ ೧೮ರಿಂದ ದಿನಕ್ಕೆ ಸಾವಿರ ರೂಪಾಯಿಯೊಳಗಿನ ಹೋಟೆಲು ಕೋಣೆಗೂ ಜಿ.ಎಸ್.ಟಿ. ಬಿತ್ತು, ದೇವಸ್ಥಾನದ ಆವರಣಗಳಲ್ಲಿ ಧಾರ್ಮಿಕ ಸಂಸ್ಥೆಗಳು ಕೊಡುವ ಅಂಥ ಕೋಣೆಗಳಿಗೆ ವಿನಾಯಿತಿಯುಂಟು. ಅದೇ ವರ್ಷದ ನವೆಂಬರಿನಲ್ಲಿ ಬೆಂಗಳೂರಿನಿಂದ ಹೊರಟ ಕಾಶೀಯಾತ್ರೆಯ ರೈಲಿನಲ್ಲಿ ಕರ್ನಾಟಕ ಸರ್ಕಾರ ಯಾತ್ರಿಕರಿಗೆ ತಲಾ ಐದು ಸಾವಿರ ರೂಪಾಯಿ ಸಹಾಯಧನ ಕೊಟ್ಟಿತು. ನರಸಿಂಹನ ದಾನವು ಬೇರೊಂದು ರೂಪದಲ್ಲಿ ಮರಳಿತೆನ್ನಬಹುದು. ಆದರೆ ಮದುವೆಯ ನೆಂಟನಿಗೆ ಅಂದೂ ಇಂದೂ ದೊರೆಯ ನೆರವಿಲ್ಲ. ಅವನ ತೆರಿಗೆ ಹೆಣ್ಣಿನ ತಂದೆಯ ಲೆಕ್ಕಕ್ಕೇ.

ಈ ಹೊರೆ ಹಗುರವಾಗುವ ಒಂದು ದಾರಿ ನಮಗೆ ಕಂಡಿದೆ. ಕಾಶಿಗೆ ಬಂದ ನೆಂಟ ಬರಿಯ ನೆಂಟನಲ್ಲ. ಧಾರೆಯ ಮರುದಿನ ಅವನಿಗೆ ಗಂಗಾಸ್ನಾನವಾಗಬೇಕು, ಪಿತೃಕಾರ್ಯವಾಗಬೇಕು, ಪ್ರಯಾಗಕ್ಕೂ ಗಯೆಗೂ ಹೋಗಬೇಕು. ಮೊದಲ ಎರಡು ರಾತ್ರಿ ಅವನು ಬೀಗ. ಮೂರನೆಯ ದಿನದಿಂದ ಯಾತ್ರಿಕ. ಹೀಗಿರುವಲ್ಲಿ ಪತ್ರಿಕೆಯೊಡನೆ ಒಂದು ಚೀಟಿ ಕಳುಹಿಸಿ, ಎಷ್ಟು ದಿನ ಇರುವಿರಿ, ಯಾವ ಕಾರ್ಯ ಮಾಡಿಸುವಿರಿ ಎಂದು ಮೊದಲೇ ಕೇಳುವುದರಲ್ಲಿ ಸಂಕೋಚವೇಕೆ? ಎರಡು ರಾತ್ರಿಯ ಹೋಟೆಲು ಮದುವೆಮನೆಯ ಖರ್ಚಿನಲ್ಲಿ, ಅದೂ ಎರಡು ಕಡೆಯವರೂ ಹಂಚಿಕೊಂಡು. ಆಮೇಲೆ ಮಠದಲ್ಲಿಯೋ ಛತ್ರದಲ್ಲಿಯೋ ಅವರವರ ಹೆಸರಿನಲ್ಲಿ, ಅವರವರ ವೆಚ್ಚದಲ್ಲಿ. ಗೋದೌಲಿಯಾದ ಗಲ್ಲಿಗಳಿಗೆ ಕಾರು ಬಾರದು. ಆದುದರಿಂದ ಮೊಣಕಾಲು ನೋವಿನವರಿಗೆ ದೊಡ್ಡ ರಸ್ತೆಯ ಮೇಲಿನ ಹೋಟೆಲು, ಅದರಲ್ಲಿಯೂ ಕೆಳಅಂತಸ್ತಿನ ಕೋಣೆ ಆಗಬೇಕು. ಮುಂಗಡ ಕೊಟ್ಟಾಗ ದರ, ತೆರಿಗೆ, ಕೋಣೆ ಬಿಡುವ ಹೊತ್ತು ಮೂರನ್ನೂ ರಶೀದಿಯಲ್ಲಿ ಬರೆಸಿಕೊಳ್ಳಬೇಕು. ನಮ್ಮ ಸಂಘದ ಸದಸ್ಯರ ಮನೆಯಲ್ಲಿ ಲಗ್ನ ಗೊತ್ತಾದಾಗ ಆರು ತಿಂಗಳು ಮುಂಚೆ ತಿಳಿಸಿದರೆ, ಛತ್ರಗಳಿಗೆ ಕಾಗದ ಬರೆಯುವ ಕೆಲಸಕ್ಕೂ ನಿಲ್ದಾಣಕ್ಕೆ ಹೋಗಿ ನೆಂಟರನ್ನು ಎದುರುಗೊಳ್ಳುವ ಕೆಲಸಕ್ಕೂ ನಾವು ನಾಲ್ವರು ಸಿದ್ಧರಿದ್ದೇವೆ.