ನಲವತ್ತರ ನಂತರದ ಓಟ: ವೇಗಕ್ಕೆ ಮೊದಲು ಬೇಕು ಕಾಲಿನ ಬಲ

ರಾಯಚೂರು: ನಸುಕಿನಲ್ಲಿ ನಗರದ ಕ್ರೀಡಾಂಗಣದತ್ತ ಹೆಜ್ಜೆ ಹಾಕುವವರಲ್ಲಿ ಎರಡು ಬಗೆಯವರಿದ್ದಾರೆ. ಪೊಲೀಸ್ ಮತ್ತು ಸೇನಾ ನೇಮಕಾತಿಯ ದೈಹಿಕ ಪರೀಕ್ಷೆಗೆ ಸಿದ್ಧರಾಗುವ ಯುವಕ ಯುವತಿಯರು ಒಂದು ಬಗೆ. ರಕ್ತದೊತ್ತಡವೋ ಸಕ್ಕರೆ ಕಾಯಿಲೆಯೋ ತಲೆದೋರಿದ ಬಳಿಕ ಓಟ ಆರಂಭಿಸಿದ ನಡುವಯಸ್ಸಿನವರು ಇನ್ನೊಂದು ಬಗೆ. ಎರಡನೆಯವರು ಮೊದಲನೆಯವರನ್ನು ನೋಡಿ ಅವರಂತೆಯೇ ಓಡಲು ಹೊರಡುವುದರಲ್ಲಿಯೇ ತೊಂದರೆಯ ಮೂಲವಿದೆ. ವೇಗ ಕುಗ್ಗಿತೆಂದು ಓಟದ ದೂರ ಹೆಚ್ಚಿಸುತ್ತಾರೆ. ಮೊಣಕಾಲು ನೋಯುತ್ತದೆ. ಕೆಲವೇ ತಿಂಗಳಲ್ಲಿ ಓಟವೂ ನಿಲ್ಲುತ್ತದೆ, ನಡಿಗೆಯೂ ನಿಲ್ಲುತ್ತದೆ.

ನಲವತ್ತು ದಾಟಿದವರಿಗೆ ಬೇಕಿರುವುದು ಹೆಚ್ಚು ಓಟವಲ್ಲ, ಹೆಚ್ಚು ಬಲ. ಅದನ್ನು ಗಳಿಸುವ ಬಗೆ ಏನು, ರಾಯಚೂರು, ದೇವದುರ್ಗ ಹಾಗೂ ಮಾನ್ವಿ ಭಾಗದ ಬಿಸಿಲು, ನೆಲ ಮತ್ತು ನೀರಿಗೆ ಅದನ್ನು ಹೊಂದಿಸಿಕೊಳ್ಳುವುದು ಹೇಗೆ ಎಂಬ ವಿವರ ಇಲ್ಲಿದೆ.

ವೇಗ ಕುಗ್ಗುವುದೇಕೆ?

ಹೆಜ್ಜೆಯ ಉದ್ದವನ್ನು ನಿಮಿಷಕ್ಕೆ ಇಡುವ ಹೆಜ್ಜೆಗಳ ಸಂಖ್ಯೆಯಿಂದ ಗುಣಿಸಿದರೆ ದೊರೆಯುವುದೇ ಓಟದ ವೇಗ. ವಯಸ್ಸಾದಂತೆ ಹೆಜ್ಜೆಗಳ ಸಂಖ್ಯೆ ಹೆಚ್ಚೇನೂ ಇಳಿಯುವುದಿಲ್ಲ. ಹೆಜ್ಜೆಯ ಉದ್ದ ಕಿರಿದಾಗುತ್ತದೆ. ನೆಲವನ್ನು ಒದ್ದು ದೇಹವನ್ನು ಮುಂದಕ್ಕೆ ದೂಡುವ ಮೀನಖಂಡದ ಬಲ ಕುಂದುವುದು ಇದಕ್ಕೆ ಮುಖ್ಯ ಕಾರಣ.

ಮೂವತ್ತರ ನಂತರ ಪ್ರತಿ ದಶಕದಲ್ಲಿ ಸ್ನಾಯುರಾಶಿಯ ಶೇ 3ರಿಂದ 8ರಷ್ಟು ನಷ್ಟವಾಗುತ್ತದೆ ಎಂಬುದು ವೈದ್ಯಕೀಯ ಅಂದಾಜು. ಅರವತ್ತರ ನಂತರ ಈ ನಷ್ಟ ಇನ್ನೂ ತ್ವರಿತ. ಅದರಲ್ಲಿಯೂ ಮೊದಲು ಕ್ಷೀಣಿಸುವುದು ಥಟ್ಟನೆ ಬಲ ಹಾಕಲು ನೆರವಾಗುವ ವೇಗದ ತಂತುಗಳು. ಎಡವಿದಾಗ ಕಾಲನ್ನು ಮುಂದಿಟ್ಟು ಬೀಳದಂತೆ ತಡೆಯುವುದೂ ಇವೇ ತಂತುಗಳು. ಹೀಗಾಗಿ ವೇಗದ ಪ್ರಶ್ನೆ ಪಂದ್ಯದ ಪ್ರಶ್ನೆ ಮಾತ್ರವಲ್ಲ. ಎಪ್ಪತ್ತರ ವಯಸ್ಸಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳದೆ ಇರುವ ಪ್ರಶ್ನೆಯೂ ಹೌದು.

ದೇಹವು ಆಮ್ಲಜನಕವನ್ನು ಬಳಸಿಕೊಳ್ಳುವ ಗರಿಷ್ಠ ಸಾಮರ್ಥ್ಯವೂ ವ್ಯಾಯಾಮವಿಲ್ಲದವರಲ್ಲಿ ದಶಕಕ್ಕೆ ಸುಮಾರು ಶೇ 10ರಷ್ಟು ಇಳಿಯುತ್ತದೆ. ಕ್ರಮಬದ್ಧ ಅಭ್ಯಾಸವುಳ್ಳವರಲ್ಲಿ ಈ ಇಳಿಕೆ ಗಣನೀಯವಾಗಿ ಕಡಿಮೆ.

ಇಳಿಕೆಯನ್ನು ತಡೆಯಲಾಗದು, ನಿಧಾನಗೊಳಿಸಬಹುದು. ಕೆನಡಾದ ಎಡ್ ವಿಟ್ಲಾಕ್ 2004ರಲ್ಲಿ 73ನೇ ವಯಸ್ಸಿನಲ್ಲಿ ಮ್ಯಾರಥಾನ್ ಓಟವನ್ನು 2 ಗಂಟೆ 54 ನಿಮಿಷ 48 ಸೆಕೆಂಡ್‌ಗಳಲ್ಲಿ ಮುಗಿಸಿದ್ದರು. 2016ರಲ್ಲಿ 85ರ ವಯಸ್ಸಿನಲ್ಲಿ ಅದೇ ದೂರಕ್ಕೆ ಅವರು ತೆಗೆದುಕೊಂಡ ಸಮಯ 3 ಗಂಟೆ 56 ನಿಮಿಷ 34 ಸೆಕೆಂಡ್. ಭಾರತದ ಭಗವಾನಿ ದೇವಿ ಡಾಗರ್ 2022ರಲ್ಲಿ ಫಿನ್ಲೆಂಡ್‌ನ ಟಾಂಪೆರೆಯಲ್ಲಿ ನಡೆದ ವಿಶ್ವ ಮಾಸ್ಟರ್ಸ್ ಅಥ್ಲೆಟಿಕ್ಸ್‌ನಲ್ಲಿ 94ನೇ ವಯಸ್ಸಿನಲ್ಲಿ 100 ಮೀಟರ್ ಓಟವನ್ನು 24.74 ಸೆಕೆಂಡ್‌ಗಳಲ್ಲಿ ಪೂರೈಸಿ ಚಿನ್ನ ಗೆದ್ದರು.

ಹೊಲದ ದುಡಿಮೆ ಸಾಲದೇ?

ದಿನವಿಡೀ ಹತ್ತಿ ಬಿಡಿಸುವ, ಭತ್ತ ನಾಟಿ ಮಾಡುವ, ಚೀಲ ಹೊರುವ ಜನರಿಗೆ ವ್ಯಾಯಾಮವೇಕೆ ಎಂಬ ಪ್ರಶ್ನೆ ದೇವದುರ್ಗ, ಮಾನ್ವಿಯ ಹಳ್ಳಿಗಳಲ್ಲಿ ಸಹಜ. ದುಡಿಮೆ ದೇಹಕ್ಕೆ ತಾಳಿಕೆ ನೀಡುತ್ತದೆ, ನಿಜ. ಆದರೆ ಬಾಗಿ ಮಾಡುವ ಕೆಲಸದಲ್ಲಿ ಒಂದೇ ಭಂಗಿ ಗಂಟೆಗಟ್ಟಲೆ ಮುಂದುವರಿಯುವುದರಿಂದ ಸೊಂಟಕ್ಕೆ ದಣಿವಾಗುತ್ತದೆಯೇ ಹೊರತು ಮೀನಖಂಡಕ್ಕೆ, ತೊಡೆಗೆ ಸಮನಾದ ಬಲ ಬರುವುದಿಲ್ಲ. ಅಂಥವರು ನಾಟಿ ಹಾಗೂ ಕೊಯ್ಲಿನ ದಿನಗಳಲ್ಲಿ ಓಟವನ್ನು ಕೈಬಿಟ್ಟು, ವಾರಕ್ಕೆರಡು ಬಾರಿ 15 ನಿಮಿಷದ ಬಲವರ್ಧನೆಯನ್ನು ಮಾತ್ರ ಉಳಿಸಿಕೊಳ್ಳುವುದು ಉಚಿತ.

ನಗರದ ಕಚೇರಿ ಮತ್ತು ಅಂಗಡಿಗಳಲ್ಲಿ ಕುಳಿತು ಕೆಲಸ ಮಾಡುವವರ ಸ್ಥಿತಿ ಬೇರೆ. ಅವರ ಹೃದಯ, ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಓಟಕ್ಕೆ ಹೊಂದಿಕೊಳ್ಳುತ್ತವೆ. ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಉಸಿರು ಒಗ್ಗಿತೆಂದು ಓಟವನ್ನು ಏಕಾಏಕಿ ಹೆಚ್ಚಿಸಿದವರಿಗೆ ಹಿಮ್ಮಡಿ ನೋವು ಬರುವುದು ಈ ಕಾರಣದಿಂದ.

ಗರಡಿಯ ಪಾಠ

ವಯೋವೃದ್ಧರ ಸ್ನಾಯುಗಳೂ ವ್ಯಾಯಾಮಕ್ಕೆ ಸ್ಪಂದಿಸುತ್ತವೆ. ಅಮೆರಿಕದ ವೈದ್ಯೆ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 90ರ ಆಸುಪಾಸಿನ 10 ಮಂದಿಗೆ 8 ವಾರ ಕಾಲ ಭಾರ ಎತ್ತುವ ತರಬೇತಿ ನೀಡಲಾಗಿತ್ತು. ಅದನ್ನು ಪೂರ್ಣಗೊಳಿಸಿದ 9 ಮಂದಿಯ ಕಾಲಿನ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತ್ತು. ಓಟಗಾರರ ವಿಷಯದಲ್ಲಿ ಫಿನ್ಲೆಂಡ್‌ನ 1999ರ ಅಧ್ಯಯನ ಗಮನಾರ್ಹ. ಅಭ್ಯಾಸದ ಸುಮಾರು ಮೂರನೇ ಒಂದು ಭಾಗವನ್ನು ಬಲವರ್ಧನೆಗೆ ಮೀಸಲಿಟ್ಟವರು 9 ವಾರಗಳ ನಂತರ 5 ಕಿ.ಮೀ. ಓಟವನ್ನು ಮೊದಲಿಗಿಂತ ಬೇಗ ಮುಗಿಸಿದರು.

ಇದಕ್ಕೆ ಜಿಮ್ ಅನಿವಾರ್ಯವಲ್ಲ. ಉತ್ತರ ಕರ್ನಾಟಕದ ಗರಡಿಮನೆಗಳ ಬಸ್ಕಿ, ದಂಡಗಳೇ ಸಾಕು.

* ಬಸ್ಕಿ: 10ರಂತೆ ಎರಡು ಸುತ್ತು. ಮೊಣಕಾಲು ನೋವಿರುವವರು ಕುರ್ಚಿಯಿಂದ ಕೈ ಊರದೆ ಎದ್ದು ಕುಳಿತರೆ ಸಾಕು.
* ಹಿಮ್ಮಡಿ ಎತ್ತುವುದು: ಮೆಟ್ಟಿಲಿನ ಅಂಚಿನಲ್ಲಿ ನಿಂತು ಎರಡೂ ಹಿಮ್ಮಡಿ ಎತ್ತಿ, ನಿಧಾನವಾಗಿ ಇಳಿಸುವುದು. 15ರಂತೆ ಎರಡು ಸುತ್ತು.
* ದಂಡ: ಆರಂಭದಲ್ಲಿ ಗೋಡೆಗೆ ಕೈಯೂರಿ, ಬಳಿಕ ಕಟ್ಟೆಗೆ, ಕೊನೆಗೆ ನೆಲಕ್ಕೆ.
* ಭಾರ ಹೊತ್ತು ನಡೆಯುವುದು: ಎರಡೂ ಕೈಯಲ್ಲಿ ನೀರು ತುಂಬಿದ ಕೊಡ ಹಿಡಿದು, ಬೆನ್ನು ನೇರವಾಗಿರಿಸಿ 20 ಮೀಟರ್ ನಡಿಗೆ. ನಾಲ್ಕು ಬಾರಿ.
* ಒಂಟಿ ಕಾಲಿನ ಮೇಲೆ ನಿಲ್ಲುವುದು: ಪ್ರತಿ ಕಾಲಿಗೆ 30 ಸೆಕೆಂಡ್. ಪಕ್ಕದಲ್ಲಿ ಗೋಡೆಯ ಆಸರೆ ಇರಲಿ.

ಪ್ರತಿ ಸುತ್ತಿನ ಕೊನೆಯ ಎರಡು ಬಾರಿ ಕಷ್ಟವೆನಿಸಬೇಕು. ಸುಲಭವಾದೊಡನೆ ಸಂಖ್ಯೆಯನ್ನಾಗಲೀ ಭಾರವನ್ನಾಗಲೀ ಹೆಚ್ಚಿಸಬೇಕು. ಋತುಬಂಧದ ನಂತರ ಮೂಳೆಯ ಸಾಂದ್ರತೆ ವೇಗವಾಗಿ ಕುಸಿಯುವುದರಿಂದ ಮಹಿಳೆಯರಿಗೆ ಈ ಅಭ್ಯಾಸ ಇನ್ನೂ ಅಗತ್ಯ.

ವಾರದ ಕ್ರಮ

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ವ್ಯಾಯಾಮ ಅಥವಾ 75ರಿಂದ 150 ನಿಮಿಷಗಳ ತೀವ್ರ ವ್ಯಾಯಾಮ ಬೇಕು. ಇದರೊಂದಿಗೆ ಕನಿಷ್ಠ ಎರಡು ದಿನ ಬಲವರ್ಧನೆ ಅವಶ್ಯ. 65 ದಾಟಿದವರು ಸಮತೋಲನದ ಅಭ್ಯಾಸವನ್ನು ವಾರಕ್ಕೆ ಮೂರು ದಿನ ಮಾಡಬೇಕು. ಈಗಾಗಲೇ 20 ನಿಮಿಷ ನಿಲ್ಲದೆ ಓಡಬಲ್ಲವರಿಗೆ ಹೀಗೊಂದು ಕ್ರಮ ಹೊಂದುತ್ತದೆ.

* ಸೋಮವಾರ, ಶನಿವಾರ: ಬಲವರ್ಧನೆ, 30 ನಿಮಿಷ.
* ಮಂಗಳವಾರ: ನಿಧಾನದ ಓಟ, 30 ನಿಮಿಷ.
* ಗುರುವಾರ: 15 ನಿಮಿಷ ಮೆಲ್ಲನೆ ಓಡಿದ ಬಳಿಕ 1 ನಿಮಿಷ ವೇಗದ ಓಟ, 2 ನಿಮಿಷ ನಡಿಗೆ. ಹೀಗೆ ಆರು ಬಾರಿ.
* ಭಾನುವಾರ: ನಿಧಾನದ ದೀರ್ಘ ಓಟ, 45ರಿಂದ 60 ನಿಮಿಷ.
* ಬುಧವಾರ, ಶುಕ್ರವಾರ: ವಿಶ್ರಾಂತಿ ಅಥವಾ ನಡಿಗೆ.

ಓಡುತ್ತಲೇ ಪಕ್ಕದವರೊಡನೆ ಪೂರ್ಣ ವಾಕ್ಯದಲ್ಲಿ ಮಾತನಾಡಲು ಸಾಧ್ಯವಾದರೆ ಅದು ನಿಧಾನದ ಓಟ. ವೇಗದ ಓಟ ವಾರಕ್ಕೊಮ್ಮೆ ಸಾಕು. ಇಪ್ಪತ್ತರ ಯುವಕನಿಗೆ ಒಂದು ದಿನದಲ್ಲಿ ಆರುವ ದಣಿವು ಐವತ್ತರವರಿಗೆ ಎರಡು ಮೂರು ದಿನ ತೆಗೆದುಕೊಳ್ಳಬಹುದು. ಆದುದರಿಂದ ವಿಶ್ರಾಂತಿಯ ದಿನವೂ ಅಭ್ಯಾಸದ ಭಾಗವೇ.

ಬಿಸಿಲು ಮತ್ತು ನೆಲ

ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ವಾಡಿಕೆ. ಆ ದಿನಗಳಲ್ಲಿ ಬೆಳಿಗ್ಗೆ 6.30ರೊಳಗೆ ಓಟ ಮುಗಿಯಬೇಕು. ಸಂಜೆ ಕಲ್ಲು, ಕಾಂಕ್ರೀಟ್‌ಗಳು ಹೀರಿಕೊಂಡ ಕಾವು ಹೊರಬರುತ್ತಿರುತ್ತದೆ. ಬಿಸಿಲಿಗೆ ದೇಹ ಒಗ್ಗಲು 10ರಿಂದ 14 ದಿನ ಬೇಕು. ಈ ಅವಧಿಯಲ್ಲಿ ವೇಗದ ಲೆಕ್ಕ ಬಿಟ್ಟು ಸಮಯದ ಲೆಕ್ಕದಲ್ಲಿ ಮಾತ್ರ ಓಡುವುದು ಕ್ಷೇಮ. ಓಟದ ನಂತರ ಉಪ್ಪು ಬೆರೆಸಿದ ಮಜ್ಜಿಗೆ ಒಳ್ಳೆಯದು. ರಕ್ತದೊತ್ತಡ ಇರುವವರು ಉಪ್ಪಿನ ಬಗ್ಗೆ ವೈದ್ಯರ ಸಲಹೆ ಪಡೆಯಬೇಕು. ಓಡುವವರು ತೊದಲಿದರೆ, ಗೊಂದಲಕ್ಕೊಳಗಾದರೆ ಅದು ಬಿಸಿಲಾಘಾತದ ಲಕ್ಷಣವಾಗಿರಬಹುದು. ತಕ್ಷಣ ನೆರಳಿಗೆ ಒಯ್ದು, ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸುತ್ತ ಆಸ್ಪತ್ರೆಗೆ ಸಾಗಿಸಬೇಕು.

ಎರೆಭೂಮಿ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಕಾಲಿಗೆ ಅಂಟುತ್ತದೆ; ಎರಡೂ ಪಾದ ತಿರುಚಲು ದಾರಿ. ಮಾನ್ವಿ ಭಾಗದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆ, ದೇವದುರ್ಗ ಭಾಗದಲ್ಲಿ ನಾರಾಯಣಪುರ ಬಲದಂಡೆ ಕಾಲುವೆಗಳ ಪಕ್ಕದ ಗಟ್ಟಿ ಮಣ್ಣಿನ ದಾರಿ ಸಮತಟ್ಟಾಗಿದ್ದರೆ ಡಾಂಬರು ರಸ್ತೆಗಿಂತ ಮೇಲು. ಆದರೆ ಕತ್ತಲಿನಲ್ಲಿ ಹಾವು ಮತ್ತು ಟ್ರ್ಯಾಕ್ಟರ್‌ಗಳ ಭಯವಿರುವುದರಿಂದ ಟಾರ್ಚ್ ಹಾಗೂ ಜೊತೆಗಾರರು ಇರಲಿ.

ತಟ್ಟೆಯಲ್ಲೇನಿರಬೇಕು?

ಭಾರತೀಯರಿಗೆ ನಿಗದಿಪಡಿಸಿದ ಪ್ರೋಟೀನ್ ಪ್ರಮಾಣ ದಿನಕ್ಕೆ ಪ್ರತಿ ಕಿಲೊ ದೇಹತೂಕಕ್ಕೆ 0.83 ಗ್ರಾಂ. ವಯಸ್ಸಾದವರಿಗೆ 1ರಿಂದ 1.2 ಗ್ರಾಂ ಬೇಕೆಂಬುದು ತಜ್ಞರ ಶಿಫಾರಸು. ಅಂದರೆ 60 ಕಿಲೊ ತೂಗುವವರಿಗೆ 60ರಿಂದ 72 ಗ್ರಾಂ. ಜೋಳದ ರೊಟ್ಟಿಯೊಂದರಿಂದಲೇ ಇದು ದೊರೆಯದು. 100 ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ, ಶೇಂಗಾದಲ್ಲಿ ಸುಮಾರು 25 ಗ್ರಾಂ, ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಇವನ್ನು ರಾತ್ರಿಯೊಂದೇ ಊಟಕ್ಕೆ ಬಿಡದೆ ಮೂರೂ ಹೊತ್ತಿಗೆ ಹಂಚಬೇಕು. ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ಎಲ್ಲ ನೋವೂ ವಯಸ್ಸಿನದಲ್ಲ

ಜಿಲ್ಲೆಯ ಹಲವು ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಪ್ರತಿ ಲೀಟರ್‌ಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ವರ್ಷಾನುಗಟ್ಟಲೆ ಇಂಥ ನೀರು ಕುಡಿದವರಲ್ಲಿ ಕುತ್ತಿಗೆ, ಬೆನ್ನು, ಕೀಲುಗಳು ಬಿಗಿಯುತ್ತವೆ. ಇದನ್ನು ಮುಪ್ಪಿನ ನೋವೆಂದು ಭಾವಿಸಿ ವ್ಯಾಯಾಮದಿಂದ ಸಡಿಲಿಸಲು ಯತ್ನಿಸುವುದು ಸರಿಯಲ್ಲ. ಕೊಳವೆಬಾವಿ ನೀರಿನ ಪರೀಕ್ಷೆ ಹಾಗೂ ವೈದ್ಯಕೀಯ ತಪಾಸಣೆ ಮೊದಲಾಗಬೇಕು.

ಓಡುವಾಗ ಎದೆ ಬಿಗಿತ, ತಲೆಸುತ್ತು ಕಂಡವರು, ಮಧುಮೇಹಿಗಳು ಹಾಗೂ ಹೃದ್ರೋಗಿಗಳು ವೈದ್ಯರ ಅನುಮತಿಯಿಲ್ಲದೆ ವೇಗದ ಓಟಕ್ಕಿಳಿಯಬಾರದು.

ಪ್ರಗತಿಯ ಅಳತೆ

ಕುರ್ಚಿಯಲ್ಲಿ ಕುಳಿತು, ಕೈಗಳನ್ನು ಎದೆಗೆ ಅಡ್ಡಲಾಗಿರಿಸಿ, 30 ಸೆಕೆಂಡ್‌ಗಳಲ್ಲಿ ಎಷ್ಟು ಬಾರಿ ಎದ್ದು ನಿಲ್ಲಲು ಸಾಧ್ಯವೆಂದು ಎಣಿಸಬೇಕು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಪ್ರಕಾರ 60ರಿಂದ 64 ವಯಸ್ಸಿನ ಪುರುಷರು 14ಕ್ಕಿಂತ, ಮಹಿಳೆಯರು 12ಕ್ಕಿಂತ ಕಡಿಮೆ ಬಾರಿ ಎದ್ದರೆ ಅದು ಸರಾಸರಿಗಿಂತ ಕೆಳಗೆ. ಬೀಳುವ ಅಪಾಯದ ಸೂಚನೆ. ಇದರೊಂದಿಗೆ ಅದೇ ದಾರಿಯಲ್ಲಿ, ಅದೇ ಹೊತ್ತಿನಲ್ಲಿ 1 ಕಿ.ಮೀ. ಓಟದ ಸಮಯವನ್ನೂ ಬರೆದಿಡಬೇಕು. 12 ವಾರಗಳ ನಂತರ ಎರಡನ್ನೂ ಮತ್ತೆ ಅಳೆಯಬೇಕು. ಓಟದ ಸಮಯ ಕೆಲವೇ ಸೆಕೆಂಡ್ ಇಳಿದು, ಎದ್ದು ನಿಲ್ಲುವ ಸಂಖ್ಯೆ ನಾಲ್ಕೈದು ಏರಿದ್ದರೂ ಅಭ್ಯಾಸ ಸರಿದಾರಿಯಲ್ಲಿದೆ ಎಂದೇ ಅರ್ಥ. ನೆಲದ ಮೇಲೆ ಕುಳಿತು ಉಂಡು, ಇನ್ನೊಬ್ಬರ ಕೈ ಹಿಡಿಯದೆ ಏಳುವ ಶಕ್ತಿ ಎಂಬತ್ತರವರೆಗೂ ಉಳಿಯಬೇಕಾದರೆ ನೆಚ್ಚಬೇಕಾದದ್ದು ಈ ಎರಡನೆಯ ಸಂಖ್ಯೆಯನ್ನೇ.